ವಾಡೆಯ ಬಾಗಿಲಲ್ಲಿ ಕಾಶವ್ವ

ನಮ್ಮೂರಿಗೆ ಗಂಡು ನೋಡಲು ಬಂದವರು ಮೊದಲು ಕೇಳುವುದು ಹೊಲ ಎಷ್ಟಿದೆ ಎಂದಲ್ಲ, ಹುಡುಗನನ್ನು ಕರೆಯುವವರು ಯಾರು ಎಂದು. ತಾಯಿ ಇದ್ದಾಳೆ, ಗಂಟಲು ಗಟ್ಟಿಯಾಗಿದೆ ಅಂದರೆ ಅರ್ಧ ಮಾತುಕತೆ ಮುಗಿದ ಹಾಗೆಯೇ. ತಂದೆಯಾದರೂ ನಡೆಯುತ್ತದೆ, ಅಣ್ಣನಾದರೂ ಆದೀತು. ಯಾರೂ ಇಲ್ಲದವನು ಬಳೆ ಮಾರಲಿ, ಕುರಿ ಕಾಯಲಿ, ವಾಡೆಯ ಕೆಲಸಕ್ಕೆ ಮಾತ್ರ ಹೋಗುವ ಹಾಗಿಲ್ಲ. ವರ್ಷವಿಡೀ ಕೆಲಸ ಸಿಗುವುದು ವಾಡೆಯೊಂದರಲ್ಲೇ ಆದ್ದರಿಂದ ಅಂಥವನಿಗೆ ಹೆಣ್ಣು ಹುಡುಕುವಷ್ಟರಲ್ಲಿ ಚಪ್ಪಲಿ ಸವೆಯುತ್ತದೆ.

ವಾಡೆಯೆಂದರೆ ಹಿಂದಿನ ಕಾಲದ ದೇಸಾಯರ ಮನೆ. ದೇಸಾಯರು ಈಗ ಎಲ್ಲಿದ್ದಾರೋ ಯಾರಿಗೂ ಗೊತ್ತಿಲ್ಲ. ಅದರ ಹೆಬ್ಬಾಗಿಲನ್ನು ನೋಡಲೆಂದೇ ಪರಊರಿನವರು ಗಾಡಿ ಮಾಡಿಕೊಂಡು ಬರುತ್ತಾರೆ. ಅಂಬಾರಿ ಹೊತ್ತ ಆನೆ ತಲೆ ಬಗ್ಗಿಸದೆ ದಾಟುವಷ್ಟು ಎತ್ತರ, ಎರಡೂ ಬದಿಗೆ ಸೊಂಡಿಲು ಸವೆದ ಕಲ್ಲಾನೆ, ಮೇಲೆ ಒಂದು ಕಾಲಕ್ಕೆ ನಗಾರಿ ಬಾರಿಸುತ್ತಿದ್ದ ಮಾಳಿಗೆ, ಸಾಗವಾನಿ ಕದದ ತುಂಬ ಹಿತ್ತಾಳೆಯ ಮೊಳೆ. ಆ ಕದ ಮುಚ್ಚಿದ್ದನ್ನು ನಾನಂತೂ ನೋಡಿಲ್ಲ. ಒಳಗೆ ಹೋಗುವವರನ್ನು ಅದು ತಡೆಯುವುದೂ ಇಲ್ಲ. ಹೊರಗೆ ಬರಬೇಕಾದರೆ ಮಾತ್ರ ಮನೆಯವರೊಬ್ಬರು ಹೊರಗೆ ನಿಂತು ಹೆಸರು ಹಿಡಿದು ಕರೆಯಬೇಕು. ಕರೆಯದೆ ಹೊರಟವನು ಬಾಗಿಲು ದಾಟಿ ಕಾಲಿಡುವುದು ಮತ್ತೆ ಅದೇ ಒಳಂಗಳಕ್ಕೆ. ಒಳಗಿನವರು ನಮಗೆ ಕಾಣುತ್ತಾರೆ, ಅವರ ಮಾತು ಕೇಳುವುದಿಲ್ಲ. ನಮ್ಮ ಕರೆಯೂ ಅಷ್ಟೆ, ಯಾರಿಗೆ ಸಲ್ಲಬೇಕೋ ಅವರ ಕಿವಿಗೆ ಮಾತ್ರ ಬೀಳುತ್ತದೆ.

ಇದಕ್ಕೆ ಊರು ಯಾವಾಗಲೋ ಹೊಂದಿಕೊಂಡಿದೆ. ಬೆಳಗ್ಗೆ ತಾಯಿ ಮಗ ಎಷ್ಟೇ ಜಗಳವಾಡಲಿ, ಹೊತ್ತು ಇಳಿಯುವಷ್ಟರಲ್ಲಿ ಅವಳು ಸಿಟ್ಟು ನುಂಗಿಕೊಂಡು ಬಾಗಿಲಿಗೆ ಬಂದು ನಿಲ್ಲುತ್ತಾಳೆ. ತಾಯಂದಿರಿಗೆ ನೆಗಡಿಯಾದರೆ ಗಂಡುಮಕ್ಕಳು ಕೆಲಸಕ್ಕೆ ರಜೆ ಹಾಕುತ್ತಾರೆ. ಹೆಂಗಸರನ್ನಂತೂ ಒಳಗೆ ಕಳಿಸುವ ಪದ್ಧತಿಯೇ ಇಲ್ಲ. ಹೆಂಡತಿ ಬಂದು ಗಂಡನನ್ನು ಕರೆಯುವ ಪ್ರಶ್ನೆಯೂ ಇಲ್ಲ, ಏಕೆಂದರೆ ಹೆಂಡತಿ ಹೆಸರು ಹೇಳಿದಷ್ಟೂ ಗಂಡನ ಆಯುಷ್ಯ ಸವೆಯುತ್ತದೆ ಎಂದು ನಮ್ಮವರ ನಂಬಿಕೆ. ಮದುವೆಯ ದಿನ ಪ್ರಾಸ ಕೂಡಿಸಿ ಒಡಪು ಕಟ್ಟಿಸಿ, ನಾಚಿಸಿ, ಒಂದು ಸಲ ಹೆಸರು ಹೇಳಿಸುತ್ತಾರೆ. ಅಲ್ಲಿಗೆ ಮುಗಿಯಿತು. ಇನ್ನು ನಾನು, ಸಂಗವ್ವ, ನನ್ನ ತಮ್ಮ ಫಕೀರಪ್ಪನನ್ನು ಕರೆಯುವವಳು. ಯಾಕವ್ವಾ ಮದುವೆಯಾಗಲಿಲ್ಲ ಎಂದು ಕೇಳುವವರಿಗೆ, ಮದುವೆಯಾಗಿ ಹೋದರೆ ತಮ್ಮನನ್ನು ನೀವು ಕರೆಯುತ್ತೀರೇನು ಅನ್ನುತ್ತೇನೆ. ಅವರು ಬೇರೆ ಮಾತು ತೆಗೆಯುತ್ತಾರೆ.

ನಮ್ಮ ಗೋಡೆಗೆ ಗೋಡೆ ಅಂಟಿಕೊಂಡ ಮನೆ ಕಾಶವ್ವನದು. ಗಂಡ ಅಡಿವೆಪ್ಪ ವಾಡೆಯಲ್ಲಿ ಗಾರೆ ಕೆಲಸ ಮಾಡುತ್ತಾನೆ, ಫಕೀರಪ್ಪನ ಜೋಡಿ. ಒಂದು ಗೋಡೆ ಗಿಲಾವು ಮಾಡಿ ಮುಗಿಸುವಷ್ಟರಲ್ಲಿ ಇನ್ನೊಂದು ಗೋಡೆ ಉದುರುವ ಮನೆ ಅದು, ಕೆಲಸಕ್ಕೆ ಕೊನೆಯಿಲ್ಲ. ಅವನನ್ನು ಕರೆಯುವವಳು ತಾಯಿ ಬಾಳವ್ವ. ಬಾಳವ್ವನ ಗಂಟಲು ಊರಲ್ಲೇ ಹೆಸರಾದದ್ದು. ಕರೆಯುವವರ ಸಾಲಿನ ತುದಿಯಲ್ಲಿ ನಿಂತು, ಎಲೆ ಅಡಿಕೆ ಜಗಿಯುತ್ತಲೇ ಒಂದು ಸಲ ಅಡಿವೆಪ್ಪಾ ಅಂದರೆ ಸಾಕು, ಮಗ ಹೊರಗೆ. ಅವಳ ಹಿಂದೆ ಸೆರಗು ಹೊದ್ದು ನಿಲ್ಲುವವಳು ಕಾಶವ್ವ. ದಿನಾ ಬೆಳಗ್ಗೆ ಅತ್ತೆಗೆ ಮೆಣಸಿನ ಕಷಾಯ ಕಾಸಿ ಕೊಡುವುದು, ಮೊಸರು ಮುಟ್ಟಗೊಡದಿರುವುದು, ತಣ್ಣೀರಿಗೆ ಕೈ ಹಾಕಗೊಡದಿರುವುದು ಅವಳ ಪಾಲಿನ ಕೆಲಸ. ಗಂಡನ ಹೆಸರಿನ ವಿಷಯದಲ್ಲಿ ಕಾಶವ್ವ ಎಷ್ಟು ಬಿಗಿ ಅಂದರೆ, ಕಟ್ಟಿಗೆ ತರಲು ಅಡವಿಗೆ ಹೋಗುವಾಗಲೂ, ಆ ಮಾತಲ್ಲಿ ಗಂಡನ ಹೆಸರು ಸುಳಿಯುತ್ತದೆಂದು, ಗಿಡಗಂಟಿ ಇರೋ ಕಡೆ ಹೋಗಿಬರ್ತೀನಕ್ಕಾ ಅನ್ನುತ್ತಿದ್ದಳು. ನಾನು ಬೇಕಂತಲೇ ಎಲ್ಲಿಗೆ ಎಲ್ಲಿಗೆ ಎಂದು ಕೇಳಿ ಕಾಡುತ್ತಿದ್ದೆ.

ಒಂದು ದಿನ ಮಧ್ಯಾಹ್ನ ಬಾಳವ್ವ ಜೋಳ ಹಸನು ಮಾಡುತ್ತ ಕೂತಿದ್ದವಳು ಮೊರದ ಮೇಲೇ ವಾಲಿದಳು. ಕಾಶವ್ವ ಓಡಿಬಂದು ಎತ್ತಿ ಕೂರಿಸಿದಾಗ ಬಾಯಿ ಒಂದು ಬದಿಗೆ ಹೋಗಿತ್ತು, ಬಲಗೈ ಬಿದ್ದುಹೋಗಿತ್ತು. ವೈದ್ಯರು ಬಂದು ನೋಡಿ ಲಕ್ವ ಎಂದರು. ಜೀವಕ್ಕೆ ಅಪಾಯವಿಲ್ಲ, ಮಾತು ಬರುವುದು ಬಿಡುವುದು ದೇವರ ಕೈಯಲ್ಲಿದೆ ಎಂದು ಎಣ್ಣೆ ಕೊಟ್ಟು ಹೋದರು. ವೈದ್ಯರು ಹೊಸ್ತಿಲು ದಾಟಿದ ಮೇಲೆಯೇ ಕಾಶವ್ವನಿಗೆ ಹೊಳೆದದ್ದು. ಗಂಡ ಒಳಗಿದ್ದಾನೆ.

ಆ ಸಂಜೆ ಬಾಳವ್ವನನ್ನು ಮಲಗಿದ್ದ ಹೊರಸಿನ ಸಮೇತ ಹೊತ್ತುಕೊಂಡು ಹೋಗಿ ಬಾಗಿಲೆದುರು ಇಳಿಸಿದೆವು. ಅಡಿವೆಪ್ಪ ಒಳಗಡೆ ಕಲ್ಲು ಹಾಸಿನ ಮೇಲೆ ನಿಂತಿದ್ದ. ತಾಯಿಯನ್ನು ನೋಡಿ ಮುಂದೆ ಬಂದ, ಬಾಗಿಲ ಕೆಳಗೆ ಕಾಲಿಟ್ಟ, ಹಾಗೆಯೇ ಬೆನ್ನು ಮಾಡಿಕೊಂಡು ಒಳಂಗಳದಲ್ಲಿ ಕಾಣಿಸಿದ. ಮತ್ತೆ ಬಂದ, ಮತ್ತೆ ಹಾಗೆಯೇ ಆಯಿತು. ಬಾಳವ್ವ ಮಗನನ್ನು ನೋಡುತ್ತ ಬಾಯಿ ತೆರೆದಳು. ಕುತ್ತಿಗೆಯ ನರ ಉಬ್ಬಿದವು, ಕಣ್ಣಲ್ಲಿ ನೀರು ಬಂತು, ಬಾಯಿಂದ ಬಂದದ್ದು ಬರೀ ಉಸಿರು. ಉಳಿದ ಮನೆಯವರು ತಮ್ಮ ತಮ್ಮವರನ್ನು ಸಣ್ಣ ದನಿಯಲ್ಲಿ ಕರೆದು, ತಲೆ ತಗ್ಗಿಸಿ ಕರೆದುಕೊಂಡು ಹೋದರು. ಗಟ್ಟಿಯಾಗಿ ಕರೆಯಲು ಅವತ್ತು ಯಾರಿಗೂ ಮನಸ್ಸಾಗಲಿಲ್ಲ.

ಬಾಗಿಲ ಬದಿಯ ಕಟ್ಟೆಯ ಮೇಲೆ ಸದಾ ಕೂತಿರುವ ಬಸಲಿಂಗಜ್ಜ, ವಾಡೆಯ ಸಂಗತಿಗೆಲ್ಲ ಹಿರಿಯ. ಅವನು ಕಾಶವ್ವನನ್ನು ಹತ್ತಿರ ಕರೆದು, ಇನ್ನು ನೀನೇ ಕರೆಯಬೇಕು ಎಂದ. ಕಾಶವ್ವ ಸೆರಗು ಹಲ್ಲಿಗೆ ಕಚ್ಚಿಕೊಂಡು, ಹೆಸರು ಹೇಳಿದರೆ ಅವರ ಆಯುಷ್ಯ ಎಂದು ಅರ್ಧಕ್ಕೇ ನಿಲ್ಲಿಸಿದಳು.

"ಆಯುಷ್ಯ ಒಂದೀಟು ಕಡಿಮಿ ಆದ್ರ ಆಗ್ಲೆವ್ವಾ," ಅಂದ ಅಜ್ಜ. "ಒಳಗ ಉಳದ್ರ ಪೂರಾ ಹೋದಂಗ."

ಅದು ಹೆದರಿಸಲು ಹೇಳಿದ ಮಾತಲ್ಲ. ಒಳಗೇ ಉಳಿದವರನ್ನು ನಾವು ನೋಡಿದ್ದೇವೆ. ಅವರಿಗೆ ಕೇಡೇನೂ ಆಗುವುದಿಲ್ಲ, ಎರಡು ಹೊತ್ತು ಊಟ ಇದೆ, ಮಲಗಲು ಪಡಸಾಲೆ ಇದೆ. ಮೊದಮೊದಲು ದಿನಾ ಸಂಜೆ ಬಾಗಿಲ ತನಕ ಬಂದು ನಿಲ್ಲುತ್ತಾರೆ. ಆಮೇಲೆ ಒಂದು ದಿನ ಬಂದರೆ ಒಂದು ದಿನ ಇಲ್ಲ. ಆಮೇಲೆ ಹಿಂದಿನ ಅಂಗಳಕ್ಕೆ ಸೇರಿಬಿಡುತ್ತಾರೆ. ಅಷ್ಟಾದ ಮೇಲೆ ಹಡೆದ ತಾಯಿಯೇ ಬಂದು ಕರೆದರೂ ತಲೆ ಎತ್ತುವುದಿಲ್ಲ. ಕಾಶವ್ವನಿಗೆ ಇದೆಲ್ಲ ಗೊತ್ತಿತ್ತು. ಆದರೂ ಆ ಸಂಜೆ ಅವಳ ಬಾಯಿ ಏಳಲಿಲ್ಲ. ಬೆಳಗಾಗುವಷ್ಟರಲ್ಲಿ ಅತ್ತೆಗೆ ಮಾತು ಬರಬಹುದು ಎಂದುಕೊಂಡು ಹೊರಸಿನ ಹಿಂದೆ ಮನೆಗೆ ನಡೆದಳು.

ಅತ್ತೆಗೆ ಮಾತು ಬರಲಿಲ್ಲ. ಮರುದಿನ ಕಾಶವ್ವ ತಲೆಗೆ ಎರೆದುಕೊಂಡು, ದೇವರಿಗೆ ತಪ್ಪುಕಾಣಿಕೆ ಕಟ್ಟಿಟ್ಟು, ನನ್ನ ಕೈ ಹಿಡಿದುಕೊಂಡು ಬಂದಳು. ಹೆಂಡತಿಯೊಬ್ಬಳು ಗಂಡನ ಹೆಸರು ಹೇಳುತ್ತಾಳಂತೆ ಎಂದು ಕೇಳಿ, ಕರೆಯಬೇಕಾದವರು ಯಾರೂ ಒಳಗಿಲ್ಲದ ಮನೆಗಳಿಂದಲೂ ಜನ ಬಂದು ಸೇರಿದ್ದರು. ಅವಳು ಕಣ್ಣು ಮುಚ್ಚಿ, ಅಡಿವೆಪ್ಪ ಎಂದಳು. ನನಗೇ ಸರಿಯಾಗಿ ಕೇಳಿಸಲಿಲ್ಲ. ಎರಡನೆಯ ಸಲ ಗಟ್ಟಿಯಾಗಿ ಅಂದಳು. ಮೂರನೆಯ ಸಲ ಕಲ್ಲಾನೆಯ ಮೇಲೆ ಕೂತಿದ್ದ ಪಾರಿವಾಳ ಹಾರಿಹೋದವು. ಅಡಿವೆಪ್ಪ ಒಳಗೆ ಅವಳ ಮುಖವನ್ನೇ ನೋಡುತ್ತ ಕೈ ಇಳಿಬಿಟ್ಟುಕೊಂಡು ನಿಂತಿದ್ದ. ಒಂದು ಹೆಜ್ಜೆಯನ್ನೂ ಎತ್ತಿಡಲಿಲ್ಲ.

ಹೆದರಿಕೆಗೆ ದನಿ ಸರಿಯಾಗಿ ಹೊರಟಿಲ್ಲ ಎಂದರು ಕೆಲವರು. ಮರುದಿನ ದನಿ ಚೆನ್ನಾಗಿಯೇ ಹೊರಟಿತು, ಅವನು ಮಾತ್ರ ಬರಲಿಲ್ಲ. ಹೆಂಡತಿಯ ಬಾಯಲ್ಲಿ ಹೆಸರಿಗೆ ಬೆಲೆ ಬರುವುದು ಒಡಪಿನಲ್ಲಿ ಮಾತ್ರ, ಮದುವೆಯಲ್ಲಿ ಹೇಳಿದ್ದನ್ನೇ ಹೇಳಲಿ ಎಂದು ಇನ್ನೊಬ್ಬರು ಸೂಚಿಸಿದರು. ಕಾಶವ್ವ ಹಣೆಗೆ ಕುಂಕುಮ ಹಚ್ಚಿಕೊಂಡು, ಹಸೆಮಣೆಯ ಮೇಲೆ ಕೂತವಳ ಹಾಗೆ ಬಾಗಿಲೆದುರು ಮಂಡಿಗಾಲು ಹಾಕಿ ಕೂತಳು. ಹೋಳಿಗಿ ಮ್ಯಾಲ ಸುರದೀನಿ ತುಪ್ಪ, ನನ್ನ ಮನಿ ಯಜಮಾನ ಅಡಿವೆಪ್ಪ ಎಂದು ರಾಗವಾಗಿ ಹೇಳಿದಳು. ಮದುವೆಯಲ್ಲಿ ಅದನ್ನು ಕೇಳಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕವರು ನಾವೇ. ಅವತ್ತು ಯಾರೂ ನಗಲಿಲ್ಲ. ಒಡಪಿಗೂ ಬಾಗಿಲು ಬಗ್ಗಲಿಲ್ಲ.

ಅಲ್ಲಿಂದ ಊರಿನ ನಾಲಿಗೆ ಸಡಿಲವಾಯಿತು. ಮನೆಯವರು ಕರೆದರೆ ಬಿಡುವ ಬಾಗಿಲು ಇವಳು ಕರೆದರೆ ಬಿಡುವುದಿಲ್ಲ ಅಂದರೆ ಏನರ್ಥ ಎಂದು ಬಾವಿಕಟ್ಟೆಯಲ್ಲಿ ಕೇಳುವವರು ಕೇಳಿದರು. ಮಕ್ಕಳಾಗಲಿಲ್ಲವಲ್ಲ, ಅವಾಗಲೇ ತಿಳೀಬೇಕಿತ್ತು ಎಂದಳು ಒಬ್ಬಳು. ಅವನಿಗೆ ಬೇರೆ ಕಡೆ ಮನಸ್ಸಿದ್ದೀತು ಎಂದಳು ಇನ್ನೊಬ್ಬಳು. ಅವಳ ಕೊಡಕ್ಕೆ ನನ್ನ ಕೊಡ ತಾಗಿಸಿ ನೀರು ಚೆಲ್ಲಿದೆ, ಬೇಕಂತಲೇ. ಆದರೆ ಕಾಶವ್ವನ ಕಿವಿಗೆ ಹೋಗುವುದು ಹೋಗಿಯೇ ಇತ್ತು.

ಒಳಗಿನ ಸುದ್ದಿ ತರುತ್ತಿದ್ದವನು ಫಕೀರಪ್ಪ. ಮೊದಲೆರಡು ದಿನ ಅಡಿವೆಪ್ಪ ಉದ್ದುದ್ದ ಹೇಳಿ ಕಳಿಸುತ್ತಿದ್ದ. ಅವ್ವನಿಗೆ ಎಣ್ಣೆ ತಿಕ್ಕಬೇಕು, ಎಮ್ಮೆಗೆ ಹಿಂಡಿ ನೆನೆಹಾಕಬೇಕು, ಹಿತ್ತಲ ಗೋಡೆಗೆ ಒರಗಿಸಿದ ಏಣಿ ಒಳಗಿಡಬೇಕು, ಹೀಗೆ. ಕಾಶವ್ವ ದಿನಾ ಕರೆಯುತ್ತಿದ್ದಾಳೆ ಎಂದು ಫಕೀರಪ್ಪ ಹೇಳಿದರೆ ಅವನು ಹೂಂ ಅಂದು ಕರಣಿ ಎತ್ತಿಕೊಳ್ಳುತ್ತಿದ್ದನಂತೆ. ಬರಬರುತ್ತ ಸುದ್ದಿ ಚಿಕ್ಕದಾಯಿತು. ಅವ್ವ ಹೆಂಗದಾಳ ಎಂದಷ್ಟೇ ಕೇಳಿದ. ಆಮೇಲೆ ಊಟ ಆಗೇತಿ ಅಂತ ಹೇಳು ಎಂದ. ಒಂದು ಸಂಜೆ ಕಾಶವ್ವ ನಮ್ಮ ಕಟ್ಟೆಯ ಮೇಲೆ ಕೂತು ಫಕೀರಪ್ಪನ ಬಾಯಿಯನ್ನೇ ನೋಡಿದಳು. ಅವನು ಚಪ್ಪಲಿ ಬಿಟ್ಟು, ಕಾಲು ತೊಳೆದು, ಮುಖ ಒರೆಸಿಕೊಂಡು, ಇವತ್ತು ಏನೂ ಹೇಳಲಿಲ್ಲ ಎಂದ. ಅಡಿವೆಪ್ಪ ಹಿಂದಿನ ಅಂಗಳದಲ್ಲಿ ಕೆಲಸ ಕೇಳಿ ಹಾಕಿಸಿಕೊಂಡಿದ್ದಾನೆ ಎಂಬುದನ್ನು, ಕಾಶವ್ವ ಮನೆಗೆ ಹೋದ ಮೇಲೆ, ಫಕೀರಪ್ಪ ನನಗೆ ಒಲೆಯ ಮುಂದೆ ಪಿಸುಮಾತಲ್ಲಿ ಹೇಳಿದ. ಗೋಡೆಯಾಚೆ ಕಾಶವ್ವನ ಬಳೆಯ ಸದ್ದು ನಿಂತದ್ದು ನನಗೆ ಕೇಳಿಸಿತು.

ಸ್ವಲ್ಪ ಹೊತ್ತಿಗೆ ಅವಳೇ ಬಂದು ನನ್ನ ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಕೂಗಿ ಕೂಗಿ ಅವಳ ಗಂಟಲು ಒಡೆದಿತ್ತು.

"ಅಕ್ಕಾ, ನಾ ಅವರಿಗೆ ಏನೂ ಅಲ್ಲೇನು?" ಅಂದಳು. "ಇಷ್ಟ ವರ್ಷ ಬುತ್ತಿ ಕಟ್ಟಿದ್ದು, ಜಡ್ಡಾದಾಗ ತಲಿ ಹಿಡದು ಕುಂತದ್ದು, ಯಾವುದೂ ಜಮಾ ಆಗಿಲ್ಲೇನು?"

ಹಾಗೇನಿಲ್ಲ ಬಾ, ಒಂದು ರೊಟ್ಟಿ ತಿನ್ನು ಎಂದೆ. ನಿಜ ಹೇಳಬೇಕೆಂದರೆ ನನಗೂ ಹೆದರಿಕೆಯಾಗಿತ್ತು. ಓಣಿಯಲ್ಲಿ ನಲವತ್ತು ವರ್ಷ ಒಟ್ಟಿಗೆ ಬಾಳಿದವರನ್ನು ನೋಡಿದ್ದೇನೆ, ಅವರನ್ನೆಲ್ಲ ಈ ಬಾಗಿಲ ಮುಂದೆ ತಂದು ನಿಲ್ಲಿಸಿದರೆ ಎಷ್ಟು ಜನ ತೇರ್ಗಡೆಯಾದಾರು ಎಂಬ ಕೆಟ್ಟ ಯೋಚನೆ ಬಂತು. ಕಾಶವ್ವ ರೊಟ್ಟಿ ಮುರಿದು ತಟ್ಟೆಯಲ್ಲೇ ಬಿಟ್ಟು ಹೋದಳು. ಅತ್ತೆಗೆ ಉಣ್ಣಿಸುವ ಹೊತ್ತಾಗಿತ್ತು.

ಮಾರನೆಯ ದಿನ ಕಳೆ ತೆಗೆಯುವ ಕೆಲಸಕ್ಕೆ ಓಣಿಯ ಹೆಂಗಸರೆಲ್ಲ ಹೊಲಕ್ಕೆ ಹೋಗಿದ್ದರು. ನಾನು ವಾಡೆಯ ಎದುರಿನ ಬಾವಿಯಲ್ಲಿ ಬಟ್ಟೆ ಒಗೆಯುತ್ತಿದ್ದೆ. ಸುಡುಬಿಸಿಲು, ರಸ್ತೆಯಲ್ಲಿ ನಾಯಿಯೂ ಇಲ್ಲ. ಬಾಗಿಲ ಬದಿಯ ಕಟ್ಟೆಯ ಮೇಲೆ ಬಸಲಿಂಗಜ್ಜ ತಲೆಗೆ ವಸ್ತ್ರ ಸುತ್ತಿಕೊಂಡು ತೂಕಡಿಸುತ್ತಿದ್ದ. ಆಗ ಕಾಶವ್ವ ಓಡಿ ಬರುವುದು ಕಂಡಿತು. ತಲೆಯ ಮೇಲೆ ಸೆರಗಿಲ್ಲ, ಕೈಯೆಲ್ಲ ಹಿಟ್ಟು. ನನ್ನನ್ನು ಹುಡುಕಿಕೊಂಡೇ ಹೊರಟಿದ್ದಳಂತೆ. ಬಾಳವ್ವ ತಾನೇ ಏಳಲು ಹೋಗಿ ಹೊರಸಿನಿಂದ ಕೆಳಗೆ ಬಿದ್ದಿದ್ದಳು. ದೊಡ್ಡ ಮೈಯ ಹೆಂಗಸು, ಒಂದು ಬದಿ ಸತ್ತ ಭಾರ, ಕಾಶವ್ವ ಒಬ್ಬಳೇ ಎಳೆದು ಎಳೆದು ಸಾಕಾಗಿ, ಓಣಿಯ ಬಾಗಿಲೆಲ್ಲ ಬಡಿದು, ಯಾರೂ ಸಿಗದೆ ಬಾವಿಯ ಕಡೆಗೆ ಬಂದಿದ್ದಳು. ನಾನು ಬಾವಿಯ ಮೆಟ್ಟಿಲ ಕೆಳಗಿದ್ದದ್ದು ಅವಳಿಗೆ ಕಾಣಿಸಲಿಲ್ಲ. ನಾನು ಎದ್ದು ಮೇಲೆ ಬರುವ ಮೊದಲೇ ಅವಳ ಕಣ್ಣಿಗೆ ಬಿದ್ದದ್ದು ಎದುರಿನ ಹೆಬ್ಬಾಗಿಲು.

ಬಾಗಿಲ ಮುಂದೆ ಅವಳು ಸರಿಯಾಗಿ ನಿಲ್ಲಲೂ ಇಲ್ಲ. ದಿನಾ ಅಡುಗೆಮನೆಯಿಂದ ಹಿತ್ತಲಲ್ಲಿರುವ ಗಂಡನಿಗೆ ಕೂಗು ಹಾಕುವ ಹಾಗೆ, ಒಡೆದ ಗಂಟಲಲ್ಲೇ ಕೂಗಿದಳು.

"ಏನ್ರೀ, ಒಂದೀಟು ಇಲ್ಲಿ ಬರ್ರಿ."

ಒಳಗೆ ಏನಾಯಿತು ಎಂದು ಆಮೇಲೆ ಫಕೀರಪ್ಪ ಹೇಳಿದ. ಮದುವೆಯಾಗದವನು, ಅವನಿಗೆ ಏನೂ ಕೇಳಿಸಲಿಲ್ಲ. ಪಕ್ಕದಲ್ಲಿ ಗಾರೆ ಕಲಸುತ್ತಿದ್ದವನು ಸಲಿಕೆ ಬಿಟ್ಟು ಎದ್ದನಂತೆ, ಅಟ್ಟಣಿಗೆಯ ಮೇಲಿದ್ದವನು ಬಂದೆ ಎನ್ನುತ್ತ ಇಳಿದನಂತೆ. ಕಟ್ಟಿಕೊಂಡ ಹೆಂಡತಿ ಇರುವ ಗಂಡಸು ಒಬ್ಬನೂ ಕೆಲಸದಲ್ಲಿ ನಿಲ್ಲಲಿಲ್ಲ. ನಾನು ಕಂಡದ್ದು ಹೊರಗಿನದು. ಹೆಬ್ಬಾಗಿಲಿನಿಂದ ನಮ್ಮೂರಿನ ಗಂಡಂದಿರು ಒಬ್ಬರ ಹಿಂದೊಬ್ಬರು ಹೊರಬೀಳತೊಡಗಿದರು, ಕೈಯಲ್ಲಿ ಕರಣಿ, ಹುಬ್ಬಿನ ಮೇಲೆ ಸುಣ್ಣ. ಪ್ರತಿಯೊಬ್ಬನೂ ಹೊರಗೆ ಬಂದವನು ಯಾಕ, ಏನಾತು ಎನ್ನುತ್ತ ತನ್ನ ಹೆಂಡತಿಯನ್ನು ಹುಡುಕಿ, ಕಾಣದೆ, ಬಿಸಿಲಲ್ಲಿ ಕಣ್ಣು ಪಿಳಿಪಿಳಿ ಮಾಡುತ್ತ ನಿಂತ. ಬಸಲಿಂಗಜ್ಜ ಎಚ್ಚರಗೊಂಡು ನೋಡಿ, ಸಂಜೆಯಾಯಿತೇನೋ ಎಂದು ಸೂರ್ಯನನ್ನು ನೋಡಿದ. ಬೇರೆ ದಿನವಾಗಿದ್ದರೆ ನಾನು ಬಾವಿಯ ಮೆಟ್ಟಿಲ ಮೇಲೆ ಉರುಳಾಡಿ ನಗುತ್ತಿದ್ದೆ.

ಕಾಶವ್ವ ಒಂದೊಂದೇ ಮುಖ ನೋಡಿದಳು. ಎಲ್ಲರ ಗಂಡಂದಿರೂ ಬಂದಿದ್ದರು, ಅವಳ ಗಂಡ ಬಂದಿರಲಿಲ್ಲ. ಬರುವವರ ಸಾಲು ಮುಗಿದು ಬಾಗಿಲು ಖಾಲಿಯಾಯಿತು. ಒಳಂಗಳದಲ್ಲಿ ಬಿಸಿಲು ಬಿಟ್ಟರೆ ಏನೂ ಇರಲಿಲ್ಲ. ಊರಿನ ಗಂಡಂದಿರೆಲ್ಲ ಬರುವ ಕರೆಗೆ ಇವಳ ಗಂಡ ಬರಲಿಲ್ಲವೆಂದರೆ ಅವನು ಒಳಗಿನವನೇ ಆಗಿಹೋದ, ಮುಗಿಯಿತು ಎಂದುಕೊಂಡೆ. ಅವಳೂ ಅದನ್ನೇ ಅಂದುಕೊಂಡಿರಬೇಕು. ಆದರೆ ಮನೆಯಲ್ಲಿ ಅತ್ತೆ ನೆಲದ ಮೇಲೆ ಬಿದ್ದಿದ್ದಳು, ಅಳುತ್ತ ಕೂರಲು ಹೊತ್ತಿರಲಿಲ್ಲ. ಹೆದರಿಕೆಯೇ ಸಿಟ್ಟಾಗಿ ತಿರುಗಿತು.

"ನಿಮಗ ಹೇಳಾಕತ್ತಿದ್ದು," ಅಂದಳು. "ಅತ್ತಿ ಬಿದ್ದಾರ. ಬರ್ತೀರೋ ಇಲ್ಲೋ?"

ಒಳಂಗಳದ ಮೂಲೆಯಿಂದ ಅಡಿವೆಪ್ಪ ಬಂದ. ಮೊಣಕೈತನಕ ಗಾರೆ ಮೆತ್ತಿಕೊಂಡಿತ್ತು, ಗಡ್ಡ ಬೆಳೆದಿತ್ತು. ಬಾಗಿಲ ಕೆಳಗೆ ಬಂದು ಒಂದು ಗಳಿಗೆ ನಿಂತ, ಬಿಸಿನೀರಿಗೆ ಕಾಲಿಡುವವನ ಹಾಗೆ ಒಂದು ಕಾಲು ಮುಂದಿಟ್ಟ. ಕಾಲು ಹೊರಗಿನ ಮಣ್ಣಿನ ಮೇಲೆ ಬಿತ್ತು. ಇನ್ನೊಂದು ಕಾಲನ್ನೂ ತಂದ. ಗುಂಪಿನಲ್ಲಿ ಯಾರೋ ಶಿವನೇ ಎಂದರು. ಕಾಶವ್ವ ಅಲ್ಲಿಯೇ ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು, ಹಿಟ್ಟಿನ ಕೈ ಎಂಬುದೂ ಮರೆತು.

"ದಿನಾ ಬಂದು ನಿಂದರ್ತಿದ್ದಿ," ಅಂದ ಅಡಿವೆಪ್ಪ. "ಬಾಯಿ ಆಡೂದು ಕಾಣತಿತ್ತು, ಕೇಳತಿರಲಿಲ್ಲ. ಕರೀತಾಳ ಅಂತ ಫಕೀರಪ್ಪ ಹೇಳಿದ್ರ ನಾ ನಂಬಲಿಲ್ಲ. ಮನಸ್ಸಿಲ್ದನ ಜನರಿಗೆ ತೋರ್ಸಾಕ ಬಾಯಿ ಆಡಸ್ತಾಳ, ನಾ ಆಕಿಗಿ ಬ್ಯಾಡಾದೆ ಅನಕೊಂಡೆ. ಈಗ ನೀ ಏನ್ರೀ ಅಂದದ್ದು ಮೊದಲನೇ ಕೂಗಿಗೇ ಕೇಳಸ್ತು. ಕೇಳಿದ್ದು ಖರೇನೋ ಸುಳ್ಳೋ ಅಂತ ನಿಂತಿದ್ದೆ."

ಕಾಶವ್ವ ಮುಖದಿಂದ ಕೈ ತೆಗೆದಳು. ಕೆನ್ನೆಯೆಲ್ಲ ಹಿಟ್ಟಾಗಿತ್ತು.

"ಮನ್ಯಾಗರ ಯಾವಾಗ ಒಂದ ಸಲ ಕರದ್ರ ಎದ್ದು ಬಂದೀರಿ?" ಅಂದಳು.

ಉತ್ತರಕ್ಕೂ ಕಾಯದೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಯ ಕಡೆ ಓಡಿದಳು. ಅಡಿವೆಪ್ಪನೂ ಗಾರೆಯ ಕೈಯಲ್ಲೇ ಅವಳ ಹಿಂದೆ ಓಡಿದ.